ಚಿಕಿತ್ಸೆ ಕೆಲಸ ಮಾಡಿತಾ ಇಲ್ಲವಾ? ಅಧ್ಯಯನ ಮಾಡಿ ತಿಳಿಯುವ ದಾರಿ

ಔಷಧ ಕೊಟ್ಟೆವು, ರೋಗಿ ಹುಷಾರಾದರು. ಔಷಧದಿಂದಲೇ ಹುಷಾರಾದರು ಅಂತ ಹೇಳಬಹುದಾ? ನೆಗಡಿಗೆ ಮಾತ್ರೆ ತಗೊಂಡರೂ ವಾರದಲ್ಲಿ ಹೋಗುತ್ತದೆ, ತಗೊಳ್ಳದಿದ್ದರೂ ಹೋಗುತ್ತದೆ. ಮೊಣಕಾಲು ನೋವು ತಡೆಯೋಕಾಗದಷ್ಟು ಜಾಸ್ತಿಯಾದ ದಿನವೇ ಜನ ಆಸ್ಪತ್ರೆಗೆ ಬರುತ್ತಾರೆ. ಏರುತ್ತಾ ಇಳಿಯುತ್ತಾ ಇರುವ ನೋವು ಅದು. ಅಲ್ಲಿಂದ ಮುಂದೆ ಸುಮ್ನೆ ಬಿಟ್ಟರೂ ಸ್ವಲ್ಪ ಇಳಿಯುತ್ತದೆ. ಆದರೆ ಆ ಇಳಿತದ ಹೆಸರೆಲ್ಲ ನಾವು ಕೊಟ್ಟ ಚಿಕಿತ್ಸೆಗೆ ಬರುತ್ತದೆ.

ಮೊದಲ ಸಲ ಇಂಥ ಅಧ್ಯಯನಕ್ಕೆ ಕೈ ಹಾಕುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನೀವು ನರ್ಸ್ ಆಗಿರಬಹುದು, ಫಿಸಿಯೊಥೆರಪಿಸ್ಟ್ ಆಗಿರಬಹುದು, ಓದುತ್ತಿರುವ ಡಾಕ್ಟರ್ ಆಗಿರಬಹುದು. ಎರಡು ಪ್ರಶ್ನೆಗಳನ್ನು ಮಾತ್ರ ಮೊದಲ ದಿನದಿಂದ ಕೊನೆಯ ದಿನದವರೆಗೆ ಕೈಬಿಡಬೇಡಿ. ಹೋಲಿಸುತ್ತಿರುವುದು ಯಾರ ಜೊತೆ? ಎಣಿಕೆಯಿಂದ ಯಾರಾದರೂ ಬಿಟ್ಟುಹೋಗಿದ್ದಾರಾ? ನಾನು ನೋಡಿದ ಮಟ್ಟಿಗೆ ಅಧ್ಯಯನಗಳು ಕೆಡುವುದು ಹೆಚ್ಚಾಗಿ ಇಲ್ಲೇ. ಲೆಕ್ಕಾಚಾರದ ತಪ್ಪುಗಳನ್ನು ಆಮೇಲೆ ತಿದ್ದಬಹುದು. ಈ ಎರಡನ್ನು ತಿದ್ದುವುದು ತುಂಬಾ ಕಷ್ಟ.

1. ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ

"ವ್ಯಾಯಾಮದಿಂದ ಮೊಣಕಾಲು ನೋವು ಕಡಿಮೆಯಾಗುತ್ತದಾ?" ಕೇಳೋಕೆ ಚೆನ್ನಾಗಿದೆ, ಆದರೆ ಇದನ್ನಿಟ್ಟುಕೊಂಡು ಅಧ್ಯಯನ ಶುರು ಮಾಡೋಕಾಗಲ್ಲ. ಯಾರ ಮೊಣಕಾಲು? ಯಾವ ವ್ಯಾಯಾಮ? ಏನು ಮಾಡದವರಿಗಿಂತ? ಎಷ್ಟು ದಿನದ ನಂತರ?

ಇದನ್ನೇ ಹೀಗೆ ಬರೆಯಿರಿ: 50 ವರ್ಷ ದಾಟಿದ, ಮೂರು ತಿಂಗಳಿಗಿಂತ ಹೆಚ್ಚು ಕಾಲದಿಂದ ಮೊಣಕಾಲು ಸವೆತದ ನೋವಿರುವವರಲ್ಲಿ, ವಾರಕ್ಕೊಮ್ಮೆ ಫೋನ್ ಮಾಡಿ ಹೇಳಿಕೊಡುವ ಮನೆ ವ್ಯಾಯಾಮವು, ವ್ಯಾಯಾಮದ ಚಿತ್ರಗಳಿರುವ ಹಾಳೆಯನ್ನು ಮಾತ್ರ ಕೊಟ್ಟು ಕಳಿಸುವುದಕ್ಕೆ ಹೋಲಿಸಿದರೆ, 12 ವಾರದ ನಂತರ ಮೆಟ್ಟಿಲು ಹತ್ತುವಾಗಿನ ನೋವನ್ನು ಎಷ್ಟು ಕಡಿಮೆ ಮಾಡುತ್ತದೆ?

ವಾಕ್ಯ ಉದ್ದವಾಯಿತು, ಪರವಾಗಿಲ್ಲ. ಯಾರಿಗೆ, ಏನು ಕೊಡುತ್ತೇವೆ, ಯಾವುದಕ್ಕೆ ಹೋಲಿಸುತ್ತೇವೆ, ಏನು ಅಳೆಯುತ್ತೇವೆ, ನಾಲ್ಕೂ ಇದರಲ್ಲಿವೆ. ಸಂಶೋಧಕರು ಇದನ್ನು ಪಿಕೊ ಅಂತ ಕರೆಯುತ್ತಾರೆ. ನಾಲ್ಕರಲ್ಲಿ ಮೂರನೆಯದರ ಮೇಲೆ ಜಾಸ್ತಿ ಹೊತ್ತು ಕೂರಿ. ಈಗಾಗಲೇ ಒಳ್ಳೆಯ ಚಿಕಿತ್ಸೆ ಇರುವ ಕಾಯಿಲೆಗೆ ಹೊಸ ಔಷಧ ತಂದು, ಔಷಧವೇ ಇಲ್ಲದ ಹುಸಿ ಮಾತ್ರೆಯ ಜೊತೆ ಹೋಲಿಸಿದರೆ ಗೆಲುವು ಸುಲಭ. ಆದರೆ ರೋಗಿಗೆ ಬೇಕಿರುವ ಉತ್ತರ ಅದಲ್ಲ. ಈಗ ಸಿಗುತ್ತಿರುವುದಕ್ಕಿಂತ ಇದು ಮೇಲಾ ಅನ್ನುವುದು ಅವರ ಪ್ರಶ್ನೆ.

ಪ್ರಶ್ನೆ ಬರೆದ ಮೇಲೆ, ಬೇರೆಯವರು ಇದಕ್ಕೆ ಆಗಲೇ ಉತ್ತರ ಕಂಡುಕೊಂಡಿದ್ದಾರಾ ಅಂತ ನೋಡಿ. ವೈದ್ಯಕೀಯ ಲೇಖನಗಳನ್ನು ಹುಡುಕುವ ಪಬ್‌ಮೆಡ್ ಅನ್ನುವ ಜಾಲತಾಣದಲ್ಲಿ ಹುಡುಕಿ, ಹಳೆಯ ಅಧ್ಯಯನಗಳನ್ನು ಒಟ್ಟುಗೂಡಿಸಿ ವಿಮರ್ಶಿಸುವ ಕಾಕ್ರೇನ್ ಲೈಬ್ರರಿಯಲ್ಲಿ ಹುಡುಕಿ. ಅವಧಿಗೆ ಮುಂಚೆ ಹೆರಿಗೆಯಾಗುವ ಸಂಭವ ಇರುವ ತಾಯಂದಿರಿಗೆ ಸ್ಟಿರಾಯ್ಡ್ ಕೊಟ್ಟರೆ ಮಗುವಿನ ಉಸಿರಾಟದ ತೊಂದರೆ ಕಡಿಮೆಯಾಗುತ್ತದೆ ಅನ್ನುವುದು 1972ರಲ್ಲೇ ನ್ಯೂಜಿಲೆಂಡ್‌ನ ಒಂದು ಟ್ರಯಲ್‌ನಲ್ಲಿ, ಅಂದರೆ ರೋಗಿಗಳನ್ನು ಗುಂಪು ಮಾಡಿ ಚಿಕಿತ್ಸೆ ಹೋಲಿಸಿ ನೋಡುವ ಪರೀಕ್ಷೆಯಲ್ಲಿ, ಕಂಡಿತ್ತು. ಆಮೇಲೆ ಇನ್ನೂ ಹಲವು ಟ್ರಯಲ್‌ಗಳು ನಡೆದವು. ಅವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿ, ಈ ಚಿಕಿತ್ಸೆ ಎಲ್ಲೆಡೆ ಬಳಕೆಗೆ ಬರುವ ಹೊತ್ತಿಗೆ 1990ರ ದಶಕ ಬಂದಿತ್ತು. ಅಷ್ಟು ವರ್ಷ ಎಷ್ಟು ಪುಟ್ಟ ಜೀವಗಳು ಕಾದವು ಅಂತ ಯೋಚಿಸಿದರೆ ಸಂಕಟವಾಗುತ್ತದೆ. ಹಳೆಯದನ್ನು ಹುಡುಕಿ ಓದುವ ಕೆಲಸವನ್ನು ದಯವಿಟ್ಟು ಕಾಟಾಚಾರಕ್ಕೆ ಮಾಡಬೇಡಿ.

2. ಏನನ್ನು ಅಳೆಯಬೇಕು?

ಹೃದಯಾಘಾತ ಆದವರಲ್ಲಿ ಕೆಲವರಿಗೆ ಹೃದಯ ಆಗಾಗ ತಾಳ ತಪ್ಪಿ ಬಡಿಯುತ್ತದೆ. ಹಾಗೆ ಬಡಿಯುವವರು ಸಾಯುವ ಸಂಭವ ಜಾಸ್ತಿ. ಹಾಗಾಗಿ ಆ ತಪ್ಪು ಬಡಿತಗಳನ್ನು ಅಡಗಿಸುವ ಔಷಧ ಕೊಟ್ಟರೆ ಜೀವ ಉಳಿಯುತ್ತದೆ ಅಂತ ವೈದ್ಯರು ನಂಬಿದ್ದರು. ಎನ್‌ಕೈನೈಡ್, ಫ್ಲೆಕೈನೈಡ್ ಅನ್ನುವ ಔಷಧಗಳು ಇಸಿಜಿಯಲ್ಲಿ ಆ ಬಡಿತಗಳನ್ನು ಚೆನ್ನಾಗಿಯೇ ಕಡಿಮೆ ಮಾಡುತ್ತಿದ್ದವು. ಅಮೆರಿಕದಲ್ಲಿ ಕಾಸ್ಟ್ ಅನ್ನುವ ಟ್ರಯಲ್ ನಡೆಸಿ, ಸಾವುಗಳನ್ನೇ ಎಣಿಸಿದರು. ಔಷಧ ತಗೊಂಡ 755 ಜನರಲ್ಲಿ 63 ಮಂದಿ ತೀರಿಕೊಂಡಿದ್ದರು. ಪ್ಲಸೀಬೊ, ಅಂದರೆ ಔಷಧವಿಲ್ಲದ ಮಾತ್ರೆ, ತಗೊಂಡ 743 ಜನರಲ್ಲಿ 26. 1989ರಲ್ಲಿ ಆ ಔಷಧಗಳ ಪರೀಕ್ಷೆಯನ್ನು ನಡುವೆಯೇ ನಿಲ್ಲಿಸಬೇಕಾಯಿತು.

ಇಸಿಜಿ ಸರಿಹೋಗಿತ್ತು, ಮನುಷ್ಯ ಉಳಿದಿರಲಿಲ್ಲ.

ರಕ್ತಪರೀಕ್ಷೆಯ ಅಂಕಿ, ಎಕ್ಸ್‌ರೇ, ಸ್ಕ್ಯಾನ್, ಇವೆಲ್ಲ ಬದಲಿ ಅಳತೆಗಳು. ಬೇಗ ಸಿಗುತ್ತವೆ, ಅಗ್ಗ, ಅದಕ್ಕೇ ಎಲ್ಲರೂ ಅವುಗಳ ಕಡೆ ವಾಲುತ್ತಾರೆ. ಅವನ್ನು ಅಳೆಯಬೇಡಿ ಅಂತ ನಾನು ಹೇಳುತ್ತಿಲ್ಲ. ಅವುಗಳ ಜೊತೆಗೆ ರೋಗಿಗೆ ಮುಖ್ಯವಾದದ್ದನ್ನೂ ಅಳೆಯಿರಿ. ಬದುಕಿದ್ದಾರಾ? ನೋವು ಎಷ್ಟಿದೆ? ತಾವೇ ಸ್ನಾನ ಮಾಡಿ ಬಟ್ಟೆ ಹಾಕಿಕೊಳ್ಳುತ್ತಾರಾ? ಮತ್ತೆ ಆಸ್ಪತ್ರೆ ಸೇರಬೇಕಾಯಿತಾ? ಕೆಲಸಕ್ಕೆ ಹೋಗುತ್ತಿದ್ದಾರಾ?

ಇವನ್ನು ಅಳೆಯೋಕೆ ಪರೀಕ್ಷಿಸಿ ಸಿದ್ಧಪಡಿಸಿದ ಪ್ರಶ್ನಾವಳಿಗಳಿವೆ. ಇಕ್ಯೂ-5ಡಿ ಅನ್ನುವುದರಲ್ಲಿ ಐದೇ ವಿಷಯ: ಓಡಾಟ, ಸ್ವಂತ ಆರೈಕೆ, ದಿನನಿತ್ಯದ ಕೆಲಸ, ನೋವು, ಆತಂಕ ಅಥವಾ ಖಿನ್ನತೆ. ಎಸ್ಎಫ್-36ರಲ್ಲಿ 36 ಪ್ರಶ್ನೆಗಳು. ನೀವೇ ಕೂತು ಹೊಸ ಪ್ರಶ್ನಾವಳಿ ಬರೆಯುವ ಆಸೆ ಬರುತ್ತದೆ. ಬೇಡ. ಎಲ್ಲರೂ ಬಳಸಿರುವುದನ್ನು ಬಳಸಿದರೆ ನಿಮ್ಮ ಫಲಿತಾಂಶವನ್ನು ಬೇರೆಯವರದರ ಪಕ್ಕ ಇಟ್ಟು ನೋಡಬಹುದು. ರೋಗಿಯ ಮಾತಿಗೆ ಅದರ ಅನುವಾದ ಇದೆಯಾ, ಆ ಅನುವಾದವನ್ನು ಪರೀಕ್ಷಿಸಿದ್ದಾರಾ ಅಂತ ಮಾತ್ರ ಮೊದಲೇ ನೋಡಿಕೊಳ್ಳಿ.

ಅಳೆಯುವ ಹತ್ತು ವಿಷಯಗಳಲ್ಲಿ ಒಂದನ್ನು ಮುಖ್ಯ ಫಲಿತಾಂಶ ಅಂತ ಮೊದಲೇ ಗುರುತು ಮಾಡಿ. ಹತ್ತನ್ನೂ ಅಳೆದು, ಕೊನೆಗೆ ಚೆನ್ನಾಗಿ ಬಂದ ಒಂದನ್ನು ಎತ್ತಿ ಹಿಡಿಯುವುದು ನ್ಯಾಯ ಅಲ್ಲ. ಹಾನಿಯನ್ನೂ ಅಷ್ಟೇ ಶ್ರದ್ಧೆಯಿಂದ ಬರೆದುಕೊಳ್ಳಿ.

3. ಗುಂಪುಗಳನ್ನು ಮಾಡುವುದು

1747ರಲ್ಲಿ ಸಾಲಿಸ್‌ಬರಿ ಅನ್ನುವ ಹಡಗಿನಲ್ಲಿ ಜೇಮ್ಸ್ ಲಿಂಡ್ ಅನ್ನುವ ವೈದ್ಯ ಸ್ಕರ್ವಿ, ಅಂದರೆ ವಿಟಮಿನ್ ಸಿ ಕೊರತೆಯ ಕಾಯಿಲೆ, ಬಂದ 12 ನಾವಿಕರನ್ನು ಆರಿಸಿಕೊಂಡ. ಕಾಯಿಲೆ ಆದಷ್ಟು ಒಂದೇ ಥರ ಇರುವವರನ್ನೇ ಹುಡುಕಿದ. ಎಲ್ಲರನ್ನೂ ಒಂದೇ ಜಾಗದಲ್ಲಿ ಮಲಗಿಸಿದ, ಒಂದೇ ಊಟ ಕೊಟ್ಟ. ಇಬ್ಬಿಬ್ಬರಂತೆ ಆರು ಜೋಡಿ ಮಾಡಿ, ಒಂದೊಂದು ಜೋಡಿಗೆ ಒಂದೊಂದು ಮದ್ದು ಕೊಟ್ಟ. ಕಿತ್ತಳೆ, ನಿಂಬೆ ತಿಂದ ಇಬ್ಬರು ಎಲ್ಲರಿಗಿಂತ ಬೇಗ ಚೇತರಿಸಿಕೊಂಡರು. ಸಣ್ಣ ಅಧ್ಯಯನ ನಿಜ. ಆದರೆ ಮದ್ದೊಂದನ್ನು ಬಿಟ್ಟು ಉಳಿದದ್ದೆಲ್ಲ ಸಮನಾಗಿರಲಿ ಅನ್ನುವ ಎಚ್ಚರ ಅದರಲ್ಲಿದೆ.

ನಮಗೆ ಗೊತ್ತಿರುವ ವಿಷಯಗಳನ್ನು ಹೀಗೆ ಸಮ ಮಾಡಬಹುದು. ಗೊತ್ತಿಲ್ಲದವನ್ನು ಏನು ಮಾಡುವುದು? ಅದಕ್ಕೆ ಈವರೆಗೆ ಸಿಕ್ಕಿರುವ ಒಳ್ಳೆಯ ಉಪಾಯ ಲಾಟರಿ. ಯಾರು ಯಾವ ಗುಂಪಿಗೆ ಅನ್ನುವುದನ್ನು ಡಾಕ್ಟರೂ ನಿರ್ಧರಿಸಬಾರದು, ರೋಗಿಯೂ ನಿರ್ಧರಿಸಬಾರದು. ಇದೇ ರ‍್ಯಾಂಡಮೈಸೇಶನ್. 1948ರಲ್ಲಿ ಪ್ರಕಟವಾದ ಬ್ರಿಟನ್ನಿನ ಸ್ಟ್ರೆಪ್ಟೊಮೈಸಿನ್ ಅನ್ನುವ ಔಷಧದ ಟ್ರಯಲ್ ಇದಕ್ಕೆ ಹೆಸರಾದದ್ದು. ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಅದರ ಲೆಕ್ಕಾಚಾರ ನೋಡಿಕೊಂಡವರು. ಶ್ವಾಸಕೋಶದ ಕ್ಷಯ ಇದ್ದ 107 ಜನ. 55 ಜನಕ್ಕೆ ಔಷಧ ಮತ್ತು ವಿಶ್ರಾಂತಿ, 52 ಜನಕ್ಕೆ ಬರೀ ವಿಶ್ರಾಂತಿ. ಯಾರಿಗೆ ಯಾವುದು ಅನ್ನುವುದು ಅಂಟಿಸಿದ ಲಕೋಟೆಯಲ್ಲಿ ಇತ್ತು. ಆರು ತಿಂಗಳಲ್ಲಿ ಮೊದಲ ಗುಂಪಿನಲ್ಲಿ 4 ಸಾವು, ಎರಡನೆಯದರಲ್ಲಿ 14. ಎಕ್ಸ್‌ರೇ ನೋಡಿ ಹೇಳುವವರಿಗೆ ಅದು ಯಾವ ಗುಂಪಿನ ರೋಗಿಯದು ಅಂತ ಗೊತ್ತಿರಲಿಲ್ಲ.

ಆ ಲಕೋಟೆಯ ವಿಷಯ ಸಣ್ಣದಲ್ಲ. ಮುಂದಿನ ರೋಗಿ ಯಾವ ಗುಂಪಿಗೆ ಹೋಗುತ್ತಾರೆ ಅಂತ ಸೇರಿಸಿಕೊಳ್ಳುವವರಿಗೆ ಮೊದಲೇ ಗೊತ್ತಾದರೆ, "ಪಾಪ, ಇವರಿಗೆ ಹೊಸ ಚಿಕಿತ್ಸೆ ಸಿಗಲಿ, ನಾಳೆ ಬನ್ನಿ ಅಂತ ಹೇಳೋಣ" ಅನ್ನಿಸುತ್ತದೆ. ಒಳ್ಳೆಯ ಮನಸ್ಸಿನಿಂದಲೇ ಹಾಗೆ ಮಾಡುತ್ತಾರೆ. ಅಲ್ಲಿಗೆ ಲಾಟರಿ ಮುರಿಯಿತು. ಸಮಸಂಖ್ಯೆಯ ತಾರೀಕಿಗೆ ಒಂದು ಗುಂಪು, ಬೆಸಸಂಖ್ಯೆಗೆ ಇನ್ನೊಂದು ಅನ್ನುವ ಲೆಕ್ಕವೂ ಇದೇ ಕಾರಣಕ್ಕೆ ಕೆಡುತ್ತದೆ. ಕ್ಯಾಲೆಂಡರ್ ಎಲ್ಲರ ಕಣ್ಣ ಮುಂದೆ ಇರುತ್ತದೆ, ಅಲ್ವಾ? ಹಂಚಿಕೆಯ ಪಟ್ಟಿಯನ್ನು ಅಧ್ಯಯನದಲ್ಲಿ ಇಲ್ಲದ ಒಬ್ಬರ ಕೈಗೆ ಕೊಡಿ.

ಯಾರಿಗೆ ಏನು ಸಿಕ್ಕಿತು ಅಂತ ಮುಚ್ಚಿಡೋಕಾದರೆ ಮುಚ್ಚಿಡಿ. ಆಪರೇಶನ್‌ನಲ್ಲಿ ಇದು ಆಗುವುದಿಲ್ಲ ಅಂದುಕೊಳ್ಳುತ್ತೇವೆ. 2002ರಲ್ಲಿ ಪ್ರಕಟವಾದ ಅಮೆರಿಕದ ಒಂದು ಟ್ರಯಲ್‌ನಲ್ಲಿ, ಮೊಣಕಾಲು ಸವೆತಕ್ಕೆ ಆರ್ಥ್ರೊಸ್ಕೋಪಿ (ಸಣ್ಣ ರಂಧ್ರದಿಂದ ಕೀಲಿನೊಳಗೆ ಕ್ಯಾಮೆರಾ ಇಳಿಸಿ ಮಾಡುವ ಆಪರೇಶನ್) ಮಾಡಿಸಿಕೊಳ್ಳಲು ಬಂದ 180 ಜನರಲ್ಲಿ ಒಂದು ಭಾಗಕ್ಕೆ ಚರ್ಮ ಮಾತ್ರ ಸೀಳಿ ಹೊಲಿಗೆ ಹಾಕಿದರು. ಒಂದು ಗುಂಪಿಗೆ ಹೀಗಾಗುತ್ತದೆ ಅಂತ ಎಲ್ಲರಿಗೂ ಮೊದಲೇ ತಿಳಿಸಿ ಒಪ್ಪಿಗೆ ಪಡೆದಿದ್ದರು. ನಿಜವಾದ ಆಪರೇಶನ್ ಆದವರಿಗೆ ಇವರಿಗಿಂತ ಹೆಚ್ಚಿನ ಉಪಯೋಗ ಕಾಣಲಿಲ್ಲ. ನಿಮ್ಮ ವ್ಯಾಯಾಮದ ಅಧ್ಯಯನದಲ್ಲಿ ರೋಗಿಯಿಂದ ಮುಚ್ಚಿಡೋಕಾಗಲ್ಲ. ಆದರೆ ಕೊನೆಯ ಅಳತೆ ತೆಗೆಯುವವರಿಗೆ ಗುಂಪು ಗೊತ್ತಿಲ್ಲದ ಹಾಗೆ ನೋಡಿಕೊಳ್ಳಬಹುದು.

4. ಲಾಟರಿ ಸಾಧ್ಯವಿಲ್ಲದಾಗ

ಎಷ್ಟೋ ಪ್ರಶ್ನೆಗಳಿಗೆ ಟ್ರಯಲ್ ಮಾಡೋಕಾಗಲ್ಲ. ಕೈಯಲ್ಲಿ ಹಳೆಯ ಕೇಸ್ ಶೀಟ್‌ಗಳಿವೆ, ರಿಜಿಸ್ಟರ್ ಇದೆ, ಅಷ್ಟೇ. ಅದರಿಂದಲೂ ಕಲಿಯಬಹುದು, ಆದರೆ ತುಂಬಾ ಹುಷಾರಾಗಿರಬೇಕು. ಒಂದು ಉದಾಹರಣೆಯನ್ನು ಪೆನ್ನು ಹಿಡಿದು ನೋಡಿ.

ಮೂತ್ರಪಿಂಡದ ಕಲ್ಲಿನ ಬಗ್ಗೆ 1986ರಲ್ಲಿ ಬ್ರಿಟನ್ನಿನಲ್ಲಿ ಒಂದು ವರದಿ ಬಂತು. ಹೊಟ್ಟೆ ಕೊಯ್ದು ಮಾಡುವ ಆಪರೇಶನ್ 350 ಜನರಲ್ಲಿ 273 ಜನಕ್ಕೆ ಯಶಸ್ವಿಯಾಗಿತ್ತು, ಅಂದರೆ ಶೇ 78. ಸಣ್ಣ ರಂಧ್ರ ಮಾಡಿ ಕಲ್ಲು ತೆಗೆಯುವ ವಿಧಾನ 350ರಲ್ಲಿ 289 ಜನಕ್ಕೆ, ಶೇ 83. ರಂಧ್ರದ ವಿಧಾನವೇ ಮೇಲು ಅನ್ನಿಸುತ್ತದೆ. ಈಗ ಕಲ್ಲಿನ ಗಾತ್ರ ನೋಡಿ ಬೇರೆ ಮಾಡಿ. ಸಣ್ಣ ಕಲ್ಲು: ಕೊಯ್ದವರಲ್ಲಿ 87ಕ್ಕೆ 81, ಶೇ 93. ರಂಧ್ರದವರಲ್ಲಿ 270ಕ್ಕೆ 234, ಶೇ 87. ದೊಡ್ಡ ಕಲ್ಲು: ಕೊಯ್ದವರಲ್ಲಿ 263ಕ್ಕೆ 192, ಶೇ 73. ರಂಧ್ರದವರಲ್ಲಿ 80ಕ್ಕೆ 55, ಶೇ 69. ಎರಡು ಕಡೆಯೂ ಕೊಯ್ದದ್ದೇ ಮುಂದಿದೆ! ಒಟ್ಟು ಮಾಡಿದಾಗ ಮಾತ್ರ ಹಿಂದೆ ಬಿದ್ದಿದೆ.

ಕಾರಣ ಅಲ್ಲೇ ಕಾಣುತ್ತದೆ. ಕಷ್ಟದ, ದೊಡ್ಡ ಕಲ್ಲಿನವರೆಲ್ಲ ಹೆಚ್ಚಾಗಿ ಕೊಯ್ಯುವ ಕಡೆ ಹೋಗಿದ್ದರು. ಸುಲಭದವರು ರಂಧ್ರದ ಕಡೆ. ಡಾಕ್ಟರ್ ಯಾರಿಗೆ ಯಾವ ಚಿಕಿತ್ಸೆ ಅಂತ ಯೋಚಿಸಿಯೇ ಆರಿಸುತ್ತಾರೆ. ಆ ಯೋಚನೆಯೇ ನಮ್ಮ ಹೋಲಿಕೆಯನ್ನು ವಾಲಿಸುತ್ತದೆ. ಇದನ್ನು ಕನ್‌ಫೌಂಡಿಂಗ್ ಅನ್ನುತ್ತಾರೆ.

ಹಾಗಾಗಿ ಡೇಟಾ ತೆಗೆಯುವ ಮೊದಲು, ಈ ಚಿಕಿತ್ಸೆಗೆ ರೋಗಿಯನ್ನು ಹೇಗೆ ಆರಿಸುತ್ತಾರೆ ಅಂತ ಅಲ್ಲಿ ಕೆಲಸ ಮಾಡುವವರನ್ನೇ ಕೇಳಿ. ವಯಸ್ಸು, ಕಾಯಿಲೆಯ ತೀವ್ರತೆ, ಜೊತೆಗಿರುವ ಸಕ್ಕರೆ ಕಾಯಿಲೆ, ಖರ್ಚು ಭರಿಸುವ ಶಕ್ತಿ, ಅವರು ಹೇಳುವುದೆಲ್ಲ ಪಟ್ಟಿ ಮಾಡಿ. ಆ ಪಟ್ಟಿಯಲ್ಲಿ ನಿಮ್ಮ ರಿಜಿಸ್ಟರ್‌ನಲ್ಲಿ ಇಲ್ಲದ ವಿಷಯ ಯಾವುದಿದೆಯೋ, ಅದೇ ನಿಮ್ಮ ಅಧ್ಯಯನದ ಮಿತಿ. ಇರುವ ವಿಷಯಗಳನ್ನು ಗುಂಪು ಬೇರೆ ಮಾಡಿ ನೋಡಬಹುದು, ರಿಗ್ರೆಶನ್ (ಹಲವು ವಿಷಯಗಳ ಪ್ರಭಾವವನ್ನು ಒಟ್ಟಿಗೆ ಸರಿದೂಗಿಸುವ ಲೆಕ್ಕ) ಮಾಡಬಹುದು, ಒಂದೇ ಥರದ ರೋಗಿಗಳನ್ನು ಜೋಡಿ ಮಾಡಬಹುದು. ಇಲ್ಲದ ವಿಷಯವನ್ನು ಯಾವ ಸಾಫ್ಟ್‌ವೇರ್ ಕೂಡ ತಂದುಕೊಡುವುದಿಲ್ಲ.

ದೊಡ್ಡ ದೊಡ್ಡವರೂ ಇಲ್ಲಿ ಎಡವಿದ್ದಾರೆ. ಮುಟ್ಟು ನಿಂತ ಮಹಿಳೆಯರು ಹಾರ್ಮೋನ್ ತಗೊಂಡರೆ ಹೃದಯದ ಕಾಯಿಲೆ ಕಡಿಮೆ ಅಂತ ಹಲವು ವೀಕ್ಷಣಾ ಅಧ್ಯಯನಗಳು, ಅಂದರೆ ಲಾಟರಿ ಹಾಕದೆ ಆದದ್ದನ್ನು ನೋಡಿ ಬರೆದುಕೊಳ್ಳುವ ಅಧ್ಯಯನಗಳು, ತೋರಿಸಿದ್ದವು. 16,608 ಮಹಿಳೆಯರನ್ನು ಲಾಟರಿ ಹಾಕಿ ಹಂಚಿದ ಅಮೆರಿಕದ ಟ್ರಯಲ್‌ನಲ್ಲಿ ಅಂಥ ರಕ್ಷಣೆ ಕಾಣಲಿಲ್ಲ. ಈಸ್ಟ್ರೊಜೆನ್ ಮತ್ತು ಪ್ರೊಜೆಸ್ಟಿನ್ ಎರಡನ್ನೂ ತಗೊಂಡವರಲ್ಲಿ ಹಾನಿಯೇ ಜಾಸ್ತಿ ಅಂತ 2002ರಲ್ಲಿ ಅದನ್ನು ಬೇಗ ನಿಲ್ಲಿಸಿದರು.

ಇನ್ನೊಂದು ಬಲೆ ಇದೆ, ಕಣ್ಣಿಗೆ ಬೀಳುವುದೇ ಇಲ್ಲ. ಅಂಗಾಂಗ ಕಸಿಗೆ ಕಾಯುತ್ತಿರುವವರನ್ನು ನೆನೆಸಿಕೊಳ್ಳಿ. ಕಾಯುವಾಗಲೇ ತೀರಿಕೊಂಡವರು "ಕಸಿ ಆಗದವರು" ಪಟ್ಟಿಗೆ ಸೇರುತ್ತಾರೆ. ಕಸಿಯ ದಿನದವರೆಗೆ ಬದುಕಿದ್ದವರು ಮಾತ್ರ "ಕಸಿ ಆದವರು". ಎರಡು ಪಟ್ಟಿಯನ್ನು ಸುಮ್ನೆ ಹೋಲಿಸಿದರೆ, ಕಸಿಯಿಂದ ಏನೂ ಉಪಯೋಗ ಆಗದಿದ್ದರೂ ಆಯಿತು ಅಂತ ಕಾಣುತ್ತದೆ. ಎರಡೂ ಗುಂಪಿಗೆ ದಿನ ಎಣಿಸುವುದು ಒಂದೇ ಘಟ್ಟದಿಂದ ಶುರುವಾಗಬೇಕು.

5. ಎಷ್ಟು ಜನ ಬೇಕು?

ಎಷ್ಟು ವ್ಯತ್ಯಾಸ ಕಂಡುಹಿಡಿಯಬೇಕು ಅನ್ನುವುದರ ಮೇಲೆ ಇದು ನಿಂತಿದೆ. ಹಳೆಯ ಚಿಕಿತ್ಸೆಯಲ್ಲಿ ಶೇ 50 ಜನ ಗುಣವಾಗುತ್ತಾರೆ, ಹೊಸದರಲ್ಲಿ ಶೇ 70 ಆಗಬಹುದು ಅಂದುಕೊಂಡರೆ, ರೂಢಿಯ ಲೆಕ್ಕದಲ್ಲಿ ಒಂದು ಗುಂಪಿಗೆ ಸುಮಾರು 93 ಜನ ಬೇಕು. ಹೊಸದರಲ್ಲಿ ಶೇ 60 ಮಾತ್ರ ಅಂದುಕೊಂಡರೆ ಸುಮಾರು 388. ವ್ಯತ್ಯಾಸ ಅರ್ಧವಾದರೆ ಜನ ನಾಲ್ಕು ಪಟ್ಟು ಬೇಕಾಗುತ್ತಾರೆ. ರೂಢಿಯ ಲೆಕ್ಕ ಅಂದರೆ, ನಿಜವಾಗಿ ಅಷ್ಟು ವ್ಯತ್ಯಾಸ ಇದ್ದರೆ ಅದು ಸಿಗುವ ಸಂಭವ ಶೇ 80, ಇಲ್ಲದ್ದು ಇದೆ ಅಂತ ಕಾಣುವ ಸಂಭವ ಶೇ 5. ಅಂಕಿಅಂಶದ ಲೆಕ್ಕ ಬಲ್ಲ ಸ್ಟ್ಯಾಟಿಸ್ಟಿಶಿಯನ್ ಬಳಿ ಈ ಹಂತದಲ್ಲೇ ಹೋಗಿ. ಡೇಟಾ ಎಲ್ಲ ಕೈಗೆ ಬಂದ ಮೇಲೆ ಹೋದರೆ ಅವರಿಂದ ಮಾಡೋಕಾಗುವುದು ಕಡಿಮೆ.

6. ಶುರು ಮಾಡುವ ಮುಂಚೆ ಬರೆದಿಡಿ

ಮೇಲಿನದ್ದೆಲ್ಲ ಸೇರಿದ ಪ್ರೋಟೊಕಾಲ್, ಅಂದರೆ ಅಧ್ಯಯನದ ಪೂರ್ತಿ ಯೋಜನೆ, ಬರೆದು ಎಥಿಕ್ಸ್ ಕಮಿಟಿಯ ಒಪ್ಪಿಗೆ ಪಡೆಯಿರಿ. ಟ್ರಯಲ್ ಆದರೆ ಮೊದಲ ರೋಗಿಯನ್ನು ಸೇರಿಸುವ ಮುಂಚೆಯೇ ಸಾರ್ವಜನಿಕ ರಿಜಿಸ್ಟ್ರಿಯಲ್ಲಿ ನೋಂದಾಯಿಸಿ. ಪ್ರಮುಖ ವೈದ್ಯಕೀಯ ಪತ್ರಿಕೆಗಳು 2005ರಿಂದ ಇದನ್ನು ಕಡ್ಡಾಯ ಮಾಡಿವೆ. ಒಪ್ಪಿಗೆ ಪತ್ರ ರೋಗಿಗೆ ಓದಿದರೆ ಅರ್ಥವಾಗಬೇಕು. "ಬೇಡ ಅಂದರೂ ನಿಮ್ಮ ಚಿಕಿತ್ಸೆಗೆ ಏನೂ ತೊಂದರೆ ಆಗಲ್ಲ" ಅನ್ನುವ ಸಾಲನ್ನು ಅವರ ಮುಖ ನೋಡಿ, ಬಾಯಲ್ಲಿ ಹೇಳಿ.

ಯಾವ ಉಪಗುಂಪುಗಳನ್ನು ಬೇರೆ ಮಾಡಿ ನೋಡುತ್ತೀರಿ ಅನ್ನುವುದನ್ನೂ ಈಗಲೇ ಬರೆಯಿರಿ. 1988ರ ಐಸಿಸ್-2 ಅನ್ನುವ ಟ್ರಯಲ್‌ನಲ್ಲಿ 17,187 ಜನ ಇದ್ದರು. ಹೃದಯಾಘಾತದಲ್ಲಿ ಆಸ್ಪಿರಿನ್ ಜೀವ ಉಳಿಸುತ್ತದೆ ಅಂತ ಸ್ಪಷ್ಟವಾಯಿತು. ಉಪಗುಂಪುಗಳನ್ನು ನಂಬಿದರೆ ಏನಾಗುತ್ತದೆ ಅಂತ ತೋರಿಸಲು ಸಂಶೋಧಕರು ರೋಗಿಗಳನ್ನು ಪಾಶ್ಚಾತ್ಯ ಜನ್ಮರಾಶಿಯಂತೆ ವಿಂಗಡಿಸಿದರು. ಮಿಥುನ ಮತ್ತು ತುಲಾ ರಾಶಿಯವರಿಗೆ ಆಸ್ಪಿರಿನ್ ಉಪಯೋಗವಿಲ್ಲ ಅಂತ ಬಂತು! ಡೇಟಾವನ್ನು ಸಾಕಷ್ಟು ಸಲ ಕತ್ತರಿಸಿದರೆ ಹೀಗೆ ಏನಾದರೂ ಒಂದು ಸಿಕ್ಕೇ ಸಿಗುತ್ತದೆ.

7. ಬರದೇ ಇರುವವರನ್ನು ಹುಡುಕಿ

ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಇದೇ ದೊಡ್ಡದು.

100 ಜನರನ್ನು ಸೇರಿಸಿದ್ದೀರಿ. 12ನೇ ವಾರಕ್ಕೆ 70 ಜನ ಬಂದರು. ಅವರಲ್ಲಿ 56 ಜನಕ್ಕೆ ನೋವು ಕಡಿಮೆಯಾಗಿದೆ. ಶೇ 80 ಯಶಸ್ಸು ಅಂತ ಬರೆಯಬಹುದಾ? ಬರದ 30 ಜನಕ್ಕೂ ಏನೂ ಉಪಯೋಗ ಆಗಿಲ್ಲ ಅಂತಿಟ್ಟುಕೊಳ್ಳಿ, ಶೇ 56. ಅಷ್ಟೂ ಜನಕ್ಕೆ ಆಗಿದ್ದರೆ ಶೇ 86. ನಿಜ ಇವೆರಡರ ನಡುವೆ ಎಲ್ಲೋ ಇದೆ. ಎಲ್ಲಿ ಅಂತ ಹೇಳಬಲ್ಲವರು ಆ 30 ಜನ ಮಾತ್ರ.

ಸುಮಾರು ನೂರು ವರ್ಷದ ಹಿಂದೆ ಬಾಸ್ಟನ್ನಿನಲ್ಲಿ ಅರ್ನೆಸ್ಟ್ ಕಾಡ್‌ಮನ್ ಅನ್ನುವ ಸರ್ಜನ್ ಇದ್ದರು. ಆಪರೇಶನ್ ಆದ ಪ್ರತಿಯೊಬ್ಬ ರೋಗಿಯನ್ನೂ ವರ್ಷದ ನಂತರ ಕಂಡು, ನಿಜವಾಗಿ ಏನಾಯಿತು ಅಂತ ಕಾರ್ಡಿನಲ್ಲಿ ಬರೆಯಬೇಕು, ಕೆಟ್ಟದಾಗಿದ್ದರೆ ಯಾಕೆ ಅಂತ ಹುಡುಕಬೇಕು, ಅದನ್ನು ಎಲ್ಲರಿಗೂ ತೋರಿಸಬೇಕು ಅಂತ ಹಟ ಹಿಡಿದರು. ಜೊತೆಯ ವೈದ್ಯರಿಗೆ ಅದು ಹಿಡಿಸಲಿಲ್ಲ. ನಾವು ಇಂದು ಮಾಡುತ್ತಿರುವುದು ಅವರು ಹೇಳಿದ್ದನ್ನೇ.

ನಾನು ಮೊದಲು ಫಾಲೋಅಪ್ ಪುಸ್ತಕ ಬರೆಯುವಾಗ "ಬರಲಿಲ್ಲ" ಅಂತ ಒಂದೇ ಪದ ಬರೆಯುತ್ತಿದ್ದೆ. ಆಮೇಲೆ ಫೋನ್ ಮಾಡೋಕೆ ಶುರು ಮಾಡಿದೆ. ಒಬ್ಬರಿಗೆ ಪೂರ್ತಿ ಗುಣವಾಗಿತ್ತು, ಬರುವ ಅಗತ್ಯ ಕಂಡಿರಲಿಲ್ಲ. ಇನ್ನೊಬ್ಬರಿಗೆ ನೋವು ಎಷ್ಟಿತ್ತೆಂದರೆ ಮೆಟ್ಟಿಲು ಇಳಿದು ಬರೋಕೆ ಆಗಿರಲಿಲ್ಲ. ಪುಸ್ತಕದಲ್ಲಿ ಇಬ್ಬರಿಗೂ ಒಂದೇ ಪದ ಇತ್ತು. ಅವತ್ತಿನಿಂದ ಕಾರಣಕ್ಕೇ ಒಂದು ಕಾಲಂ ಇಟ್ಟೆ.

ನೀವೂ ಹೀಗೆ ಮಾಡಿ. ಸೇರಿಸುವ ದಿನವೇ ಎರಡು ಫೋನ್ ನಂಬರ್ ತಗೊಳ್ಳಿ, ಒಂದು ಅವರದು, ಇನ್ನೊಂದು ಅವರು ಹೇಳಿದ ಹತ್ತಿರದವರದು. ಯಾವ ಹೊತ್ತಿಗೆ ಫೋನ್ ಮಾಡಿದರೆ ಅನುಕೂಲ ಅಂತ ಕೇಳಿ ಬರೆದುಕೊಳ್ಳಿ. ಪುಸ್ತಕದಲ್ಲಿ ತಾರೀಕು, ಎಷ್ಟನೇ ಸಲದ ಪ್ರಯತ್ನ, ಯಾರು ಮಾತಾಡಿದರು, ಏನು ಹೇಳಿದರು, ನಾಲ್ಕು ಕಾಲಂ ಸಾಕು. ಪೂರ್ತಿ ಪ್ರಶ್ನಾವಳಿಗೆ ಅವರಿಗೆ ಸಮಯ ಇಲ್ಲವಾ? ಮುಖ್ಯ ಫಲಿತಾಂಶದ ಒಂದು ಪ್ರಶ್ನೆಯನ್ನಾದರೂ ಕೇಳಿ. ಎರಡೂ ಗುಂಪಿನವರ ಹಿಂದೆ ಒಂದೇ ಸಮನಾಗಿ ಓಡಾಡಿ. ಬೇಡ ಅಂದವರನ್ನು ಮಾತ್ರ ಮತ್ತೆ ಕಾಡಬೇಡಿ.

8. ಲೆಕ್ಕ ಹಾಕುವಾಗ

ಲಾಟರಿಯಲ್ಲಿ ಯಾವ ಗುಂಪಿಗೆ ಬಂದರೋ, ಕೊನೆವರೆಗೂ ಆ ಗುಂಪಿನಲ್ಲೇ ಎಣಿಸಿ. ವ್ಯಾಯಾಮ ಬಿಟ್ಟವರನ್ನು ತೆಗೆದುಹಾಕುವ ಹಾಗಿಲ್ಲ. "ಚಿಕಿತ್ಸೆಯನ್ನೇ ತಗೊಳ್ಳದವರನ್ನು ಯಾಕೆ ಲೆಕ್ಕಕ್ಕೆ ಹಿಡಿಯಬೇಕು?" ಅಂತ ಎಲ್ಲರೂ ಕೇಳುತ್ತಾರೆ. ಇದಕ್ಕೆ 1980ರಲ್ಲಿ ಪ್ರಕಟವಾದ ಒಂದು ಉತ್ತರ ಇದೆ. ಕ್ಲೋಫೈಬ್ರೇಟ್ ಅನ್ನುವ ಕೊಲೆಸ್ಟರಾಲ್ ಔಷಧದ ಟ್ರಯಲ್‌ನಲ್ಲಿ, ಔಷಧವನ್ನು ಸರಿಯಾಗಿ ತಗೊಂಡವರಲ್ಲಿ ಐದು ವರ್ಷದಲ್ಲಿ ಶೇ 15 ಸಾವು, ಸರಿಯಾಗಿ ತಗೊಳ್ಳದವರಲ್ಲಿ ಸುಮಾರು ಶೇ 25. ಔಷಧ ಕೆಲಸ ಮಾಡಿತು ಅನ್ನಿಸುತ್ತದೆ ಅಲ್ವಾ? ಪ್ಲಸೀಬೊ ಗುಂಪನ್ನೂ ನೋಡಿ. ಸರಿಯಾಗಿ ತಗೊಂಡವರಲ್ಲಿ ಶೇ 15, ತಗೊಳ್ಳದವರಲ್ಲಿ ಶೇ 28. ಏನೂ ಇಲ್ಲದ ಮಾತ್ರೆಯನ್ನು ತಪ್ಪದೆ ನುಂಗಿದವರೂ ಅಷ್ಟೇ ಚೆನ್ನಾಗಿದ್ದರು. ಹೇಳಿದ್ದನ್ನು ತಪ್ಪದೆ ಮಾಡುವವರು ಬೇರೆ ಎಷ್ಟೋ ರೀತಿಯಲ್ಲೂ ಭಿನ್ನವಾಗಿರುತ್ತಾರೆ.

ಫಲಿತಾಂಶ ಹೇಳುವಾಗ ಬರೀ "ಇಷ್ಟು ಶೇಕಡಾ ಕಡಿಮೆಯಾಯಿತು" ಅನ್ನಬೇಡಿ. 1000 ಜನರಲ್ಲಿ 2 ಸಾವು 1ಕ್ಕೆ ಇಳಿದರೂ ಅರ್ಧ ಕಡಿಮೆ, 400 ಸಾವು 200ಕ್ಕೆ ಇಳಿದರೂ ಅರ್ಧ ಕಡಿಮೆ. ಎರಡೂ ಗುಂಪಿನ ನಿಜವಾದ ಸಂಖ್ಯೆ ಕೊಡಿ. ಸ್ಟ್ರೆಪ್ಟೊಮೈಸಿನ್ ಟ್ರಯಲ್‌ನಲ್ಲಿ ಶೇ 27 ಸಾವು ಶೇ 7ಕ್ಕೆ ಇಳಿದಿತ್ತು. ಅಂದರೆ ಸುಮಾರು ಐದು ಜನಕ್ಕೆ ಔಷಧ ಕೊಟ್ಟರೆ, ಆರು ತಿಂಗಳಲ್ಲಿ ಆಗಬಹುದಾಗಿದ್ದ ಒಂದು ಸಾವು ತಪ್ಪುತ್ತದೆ. ಹೀಗೆ ಹೇಳಿದರೆ ರೋಗಿಯ ಮನೆಯವರಿಗೂ ಅರ್ಥವಾಗುತ್ತದೆ. ಪಿ ಬೆಲೆಯೊಂದನ್ನೇ (ನಿಜವಾಗಿ ವ್ಯತ್ಯಾಸ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ಹೆಚ್ಚು ವ್ಯತ್ಯಾಸ ಆಕಸ್ಮಿಕವಾಗಿ ಕಾಣುವ ಸಂಭವ) ಕೊಟ್ಟು ನಿಲ್ಲಿಸಬೇಡಿ. ನಿಜವಾದ ಪರಿಣಾಮ ಎಲ್ಲಿಂದ ಎಲ್ಲಿವರೆಗೆ ಇರಬಹುದು ಅಂತ ತೋರಿಸುವ ಕಾನ್ಫಿಡೆನ್ಸ್ ಇಂಟರ್‌ವಲ್ ಕೊಡಿ.

9. ಬರೆದು ಹೊರಗೆ ತನ್ನಿ

ಟ್ರಯಲ್ ವರದಿಗೆ ಕನ್ಸಾರ್ಟ್, ವೀಕ್ಷಣಾ ಅಧ್ಯಯನಕ್ಕೆ ಸ್ಟ್ರೋಬ್ ಅನ್ನುವ ಪಟ್ಟಿಗಳಿವೆ. ಏನೇನು ಬರೆಯಬೇಕು ಅಂತ ಅವು ಒಂದೊಂದಾಗಿ ಹೇಳುತ್ತವೆ. ಎಷ್ಟು ಜನ ಸೇರಿದರು, ಎಷ್ಟು ಜನ ಎಲ್ಲಿ ಬಿಟ್ಟುಹೋದರು ಅನ್ನುವ ಚಿತ್ರವನ್ನು ಮೊದಲು ಬಿಡಿಸಿ, ಉಳಿದದ್ದನ್ನು ಆಮೇಲೆ ಬರೆಯಿರಿ. ಚಿಕಿತ್ಸೆ ಕೆಲಸ ಮಾಡಲಿಲ್ಲ ಅಂತ ಬಂದರೂ ಪ್ರಕಟಿಸಿ. ನೀವು ಕಪಾಟಿನಲ್ಲಿ ಮುಚ್ಚಿಟ್ಟರೆ ಇನ್ನೊಂದು ಕಡೆ ಇನ್ನೊಂದು ನೂರು ಜನರ ಮೇಲೆ ಅದನ್ನೇ ಮಾಡುತ್ತಾರೆ.

ಒಂದು ಕೆಲಸ ಬಾಕಿ ಇರುತ್ತದೆ, ಎಲ್ಲರೂ ಮರೆಯುವಂಥದ್ದು. ಫಾಲೋಅಪ್ ಪುಸ್ತಕ ಮತ್ತೆ ತೆಗೆಯಿರಿ. ಅದರಲ್ಲಿರುವ ಪ್ರತಿಯೊಬ್ಬರಿಗೂ, ಬಂದವರಿಗೂ ಬರದವರಿಗೂ, ಅವರ ಭಾಷೆಯಲ್ಲಿ ಒಂದು ಪುಟದ ಕಾಗದ ಕಳಿಸಿ. ನಾವು ಏನು ಕೇಳಿದೆವು, ಏನು ಕಂಡಿತು, ಈಗ ನೀವು ಮಾಡುತ್ತಿರುವ ವ್ಯಾಯಾಮ ಮುಂದುವರಿಸಬೇಕಾ ಬೇಡವಾ. ಕೆಳಗೆ ಒಂದು ಫೋನ್ ನಂಬರ್ ಕೊಡಿ.